ಊರಿನ ಪುಂಡಾಟಕ್ಕೆ ಪೊಲೀಸ್ ದೂರು: ಬರೆಯೋದು ಹೇಗೆ, ಕೊಡೋದು ಎಲ್ಲಿ

ಬ್ಯಾಡಗಿಯಲ್ಲಿ ನನ್ನದೊಂದು ಸಣ್ಣ ಝೆರಾಕ್ಸ್ ಅಂಗಡಿ ಇದೆ. ಝೆರಾಕ್ಸ್ ಜೊತೆಗೆ ಟೈಪಿಂಗ್, ಉತಾರ ತೆಗೆಯುವುದು, ಅರ್ಜಿ ಬರೆಯುವುದು ಎಲ್ಲ ನಡೆಯುತ್ತದೆ. ಮೆಣಸಿನಕಾಯಿ ಪೇಟೆಗೆ ಬಂದವರು ಹಾಗೇ ಅಂಗಡಿಗೂ ಬರುತ್ತಾರೆ. ಅವರಲ್ಲಿ ಯಾರಾದರೊಬ್ಬರು ಕುರ್ಚಿ ಎಳೆದುಕೊಂಡು ಕೂತು, "ಅಕ್ಕಾರ, ಒಂದು ಪೊಲೀಸ್ ಕಂಪ್ಲೇಂಟ್ ಬರದು ಕೊಡ್ರಿ" ಅನ್ನುತ್ತಾರೆ. ಯಾರ ಮೇಲೆ, ಏನಾಯ್ತು ಅಂತ ಕೇಳಿದರೆ ಮೊದಲ ಉತ್ತರ ಹೆಚ್ಚುಕಡಿಮೆ ಒಂದೇ: "ಅವ ಭಾಳ ಕೆಟ್ಟವ ಅದಾನ್ರಿ."

ಕೆಟ್ಟವ ಅನ್ನುವುದರ ಮೇಲೆ ಪೊಲೀಸರಿಗೆ ಏನೂ ಮಾಡಲು ಬರುವುದಿಲ್ಲ. ಯಾವತ್ತು, ಎಷ್ಟು ಗಂಟೆಗೆ, ಎಲ್ಲಿ, ಏನು ಮಾಡಿದ ಅನ್ನುವುದರ ಮೇಲೆ ಬರುತ್ತದೆ. ಇದೊಂದನ್ನು ಸರಿಯಾಗಿ ಬರೆದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ, ಬರೆದದ್ದನ್ನು ಸರಿಯಾದ ಕಡೆ ಕೊಟ್ಟು ಕೊಟ್ಟಿದ್ದಕ್ಕೆ ಗುರುತು ಇಟ್ಟುಕೊಳ್ಳುವುದು. ನಾನು ವಕೀಲೆ ಅಲ್ಲ. ಕೇಸು ದೊಡ್ಡದಾದರೆ ವಕೀಲರನ್ನೇ ನೋಡಿ. ದುಡ್ಡಿನ ತೊಂದರೆ ಇದ್ದವರು ಕೋರ್ಟಿನಲ್ಲೇ ಇರುವ ಕಾನೂನು ಸೇವಾ ಸಮಿತಿಯನ್ನು ಕೇಳಬಹುದು, ಇಲ್ಲವೇ 15100ಕ್ಕೆ ಫೋನ್ ಮಾಡಬಹುದು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಅಲ್ಲಿ ವಕೀಲರು ಪುಕ್ಕಟೆ ಸಿಗುತ್ತಾರೆ.

ಈಗಲೇ ನಡೀತಾ ಇದ್ದರೆ

ಕುಡಿದು ಬಂದು ಬಾಗಿಲು ಒದೆಯುತ್ತಿದ್ದಾರೆ, ಕಟ್ಟೆ ಮೇಲೆ ಬಡಿದಾಟ ಶುರುವಾಗಿದೆ, ರಾತ್ರಿ ಹೊಲದಲ್ಲಿ ಯಾರೋ ಬೋರ್‌ವೆಲ್ ಕೇಬಲ್ ಕತ್ತರಿಸುತ್ತಿದ್ದಾರೆ. ಇದು ಅರ್ಜಿ ಬರೆಯುವ ಹೊತ್ತಲ್ಲ. 112ಕ್ಕೆ ಫೋನ್ ಮಾಡಿ.

ಅಲ್ಲಿ ಫೋನ್ ಎತ್ತುವವರಿಗೆ ನಿಮ್ಮ ಊರು ಗೊತ್ತಿರುವುದಿಲ್ಲ. "ದ್ಯಾಮವ್ವನ ಗುಡಿ ಹತ್ರ ಬರ್ರಿ" ಅಂದರೆ ಅವರು ಎಲ್ಲಿಗೆ ಬರಬೇಕು? ನಮ್ಮ ಕಡೆ ದ್ಯಾಮವ್ವನ ಗುಡಿ ಇಲ್ಲದ ಊರು ಯಾವುದಿದೆ ಹೇಳಿ. ಮೊದಲು ಜಿಲ್ಲೆ, ಆಮೇಲೆ ತಾಲೂಕು, ಆಮೇಲೆ ಊರು, ಕೊನೆಗೆ ಗುಡಿ. ಹೊಸೂರು, ಹೊಸಹಳ್ಳಿ ಅಂಥ ಹೆಸರಾದರೆ ಪಕ್ಕದ ದೊಡ್ಡ ಊರಿನ ಹೆಸರೂ ಸೇರಿಸಿ. ಎಷ್ಟು ಜನ ಇದ್ದಾರೆ, ಕೈಯಲ್ಲಿ ಕೊಡಲಿ ಕುಡಗೋಲು ಏನಾದರೂ ಇದೆಯಾ, ಯಾರಿಗಾದರೂ ಪೆಟ್ಟಾಗಿದೆಯಾ, ಇಷ್ಟು ಹೇಳಿದರೆ ಸಾಕು. ಹಳೆಯ ಜಗಳದ ಕಥೆ ಆಗ ಬೇಡ. ಫೋನ್ ಆಫ್ ಮಾಡಬೇಡಿ, ದಾರಿ ಕೇಳಲು ತಿರುಗಿ ಫೋನ್ ಬರಬಹುದು. ಒಬ್ಬರು ಬಸ್ ನಿಲ್ಲುವ ಕಡೆ ಹೋಗಿ ನಿಂತಿರಲಿ. ಎಷ್ಟು ಗಂಟೆಗೆ ಫೋನ್ ಮಾಡಿದಿರಿ ಅನ್ನುವುದು ಮೊಬೈಲ್‌ನಲ್ಲೇ ಇರುತ್ತದೆ, ಅದರ ಸ್ಕ್ರೀನ್‌ಶಾಟ್ ತೆಗೆದಿಡಿ. ಮುಂದೆ ದೂರು ಬರೆಯುವಾಗ ಬೇಕಾಗುತ್ತದೆ.

ಕಳ್ಳರನ್ನು ಹಿಡಿಯಲು ಕತ್ತಲಲ್ಲಿ ಒಬ್ಬರೇ ಹೊಲಕ್ಕೆ ಓಡಬೇಡಿ. ಹತ್ತು ಜನ ಸೇರಿ ಸಿಕ್ಕವನನ್ನು ಕಂಬಕ್ಕೆ ಕಟ್ಟಿ ಹೊಡೆಯುವುದೂ ಬೇಡ. ಹಾಗೆ ಮಾಡಿದರೆ ಕೇಸು ನಿಮ್ಮ ಮೇಲೆ ತಿರುಗುತ್ತದೆ.

ಎಲ್ಲದಕ್ಕೂ ಪೊಲೀಸರಲ್ಲ

ಚರಂಡಿ, ತಿಪ್ಪೆ, ಬೀದಿದೀಪ, ಬಿಡಾಡಿ ದನ, ಇವೆಲ್ಲ ಗ್ರಾಮ ಪಂಚಾಯಿತಿಯ ಕೆಲಸ. ಪಿಡಿಒ ಹೆಸರಿಗೆ ಅರ್ಜಿ ಕೊಡಿ. ಹೊಲದ ಬದು, ದಾರಿ, ಹಿಸ್ಸೆ ಜಗಳ ಸಿವಿಲ್ ಮ್ಯಾಟರ್. ಅದನ್ನು ಠಾಣೆಗೆ ಒಯ್ದರೆ ಕೋರ್ಟಿಗೆ ಹೋಗಿ ಅಂತಾರೆ, ಸರಿಯಾಗಿಯೇ ಅಂತಾರೆ. ಬದುವಿನ ಜಗಳದಲ್ಲಿ ಹೊಡೆದಾಟ ಆಯ್ತು ಅಂದರೆ ಆ ಹೊಡೆದಾಟ ಮಾತ್ರ ಪೊಲೀಸರದ್ದು. ಕಿರಾಣಿ ಅಂಗಡಿಯಲ್ಲಿ, ಪಾನ್ ಡಬ್ಬಿಯಲ್ಲಿ ಕದ್ದು ದಾರು ಮಾರುತ್ತಿದ್ದರೆ ಪೊಲೀಸರಿಗೂ ಹೇಳಬಹುದು, ಅಬಕಾರಿ ಇಲಾಖೆಗೂ ಹೇಳಬಹುದು. ಒಂದು ಕಡೆ ಕೆಲಸ ಆಗದಿದ್ದರೆ ಇನ್ನೊಂದು ಕಡೆ. ಗಣಪತಿ ಮುಂದೆ ಡಿಜೆ, ಮದುವೆ ಮನೆಯ ಸ್ಪೀಕರ್ ಗದ್ದಲವಾದರೆ ನೆನಪಿಡಬೇಕಾದ್ದು ಇಷ್ಟೇ: 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬಕ್ಕೆ ಮೊದಲು ಠಾಣೆಯಲ್ಲಿ ಶಾಂತಿ ಸಭೆ ಕರೆಯುತ್ತಾರೆ. ಅಲ್ಲಿಗೆ ಹೋಗಿ ಎಲ್ಲರೆದುರು ಈ ಮಾತು ಹೇಳಿದರೆ, ಹಬ್ಬದ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಊರಿಗೆಲ್ಲ ಕೆಟ್ಟವರಾಗುವುದು ತಪ್ಪುತ್ತದೆ.

ಬರೆಯುವ ರೀತಿ

ಕೆಲವು ದಿನಗಳ ಹಿಂದೆ ಒಂದು ಹಳ್ಳಿಯಿಂದ ಸಾಲಿ ಎಸ್‌ಡಿಎಂಸಿಯವರು, ಅಂದರೆ ಸಾಲಿ ನೋಡಿಕೊಳ್ಳುವ ಸಮಿತಿಯವರು ಬಂದಿದ್ದರು. ರಾತ್ರಿ ಹೊತ್ತು ಸಾಲಿ ಆವರಣದಲ್ಲಿ ಕುಡಿಯುತ್ತಾರೆ, ಬಾಟಲಿ ಒಡೆಯುತ್ತಾರೆ, ಸೋಮವಾರ ಪ್ರಾರ್ಥನೆಗೆ ಮೊದಲು ಮಕ್ಕಳು ಗಾಜಿನ ಚೂರು ಆರಿಸಬೇಕು. ಅವರೇ ಕೈಯಲ್ಲಿ ಬರೆದು ತಂದಿದ್ದ ಅರ್ಜಿ ಹೀಗಿತ್ತು: "ನಮ್ಮೂರಿನ ಕೆಲವು ಕಿಡಿಗೇಡಿಗಳು ದಿನಾಲೂ ಶಾಲೆಯಲ್ಲಿ ಅನೈತಿಕ ಚಟುವಟಿಕೆ ನಡೆಸುತ್ತಿದ್ದು, ಊರಿನ ನೆಮ್ಮದಿ ಹಾಳಾಗಿದ್ದು, ತಾವು ದಯಮಾಡಿ ತಕ್ಕ ಪಾಠ ಕಲಿಸಬೇಕು."

ಓದಲು ಚೆನ್ನಾಗಿದೆ. ಆದರೆ ಪಿಎಸ್‌ಐ ಸಾಹೇಬರು ಇದನ್ನು ಹಿಡಿದುಕೊಂಡು ಯಾರ ಮನೆಗೆ ಹೋಗಬೇಕು? ನಾನು ಒಂದೊಂದೇ ಕೇಳುತ್ತ ಹೋದೆ. ಕೊನೆಯ ಸಲ ಯಾವಾಗ ಆಯ್ತು? ಯಾರು ಕಣ್ಣಾರೆ ನೋಡಿದರು? ನೋಡಿದವರು ಎಲ್ಲಿ ನಿಂತಿದ್ದರು, ಅಲ್ಲಿ ಬೆಳಕು ಇತ್ತಾ? ಏನು ಒಡೆದಿದೆ? ಹೊರಗೆ ಬಂದ ಕಾಗದ ಸುಮಾರು ಹೀಗಿತ್ತು:

"ದಿನಾಂಕ ... ಭಾನುವಾರ ರಾತ್ರಿ ಸುಮಾರು 9:30ಕ್ಕೆ ನಾನು ಹೊಲದಿಂದ ಮನೆಗೆ ಬರುತ್ತಿದ್ದೆ. ಸರಕಾರಿ ಶಾಲೆಯ ಹಿಂದಿನ ಗೋಡೆ ಹತ್ತಿರ ನಾಲ್ಕು ಜನ ಕೂತು ಕುಡಿಯುತ್ತಿದ್ದರು. ಕಂಬದ ದೀಪದ ಬೆಳಕಿನಲ್ಲಿ ಇಬ್ಬರ ಗುರುತು ಸಿಕ್ಕಿತು. ಅವರು ನಮ್ಮೂರಿನ ... ಮತ್ತು ... ಇನ್ನಿಬ್ಬರ ಪರಿಚಯ ಇಲ್ಲ, ನೋಡಿದರೆ ಗುರುತಿಸುತ್ತೇನೆ. ಇಲ್ಲಿ ಕುಡಿಯಬೇಡಿ ಎಂದಾಗ ಮೊದಲನೆಯವನು ನನಗೆ '...' ಎಂದು ಬೈದು, ಕೈಯಲ್ಲಿದ್ದ ಬಾಟಲಿಯನ್ನು ಕಿಟಕಿಗೆ ಒಗೆದನು. ಐದನೇ ತರಗತಿ ಕೋಣೆಯ ಕಿಟಕಿ ಗಾಜು ಒಡೆಯಿತು. ಮಾರನೇ ದಿನ ಬೆಳಿಗ್ಗೆ ಮುಖ್ಯ ಶಿಕ್ಷಕರು ಅದನ್ನು ನೋಡಿ ಫೋಟೋ ತೆಗೆದಿದ್ದಾರೆ. ಇದೇ ಜಾಗದಲ್ಲಿ ಹಿಂದೆಯೂ ಕುಡಿಯುತ್ತಿದ್ದುದನ್ನು ... ಮತ್ತು ... ನೋಡಿದ್ದಾರೆ."

ಈಗ ಎರಡು ಹೆಸರಿವೆ, ಒಂದು ಜಾಗ, ಒಂದು ಹೊತ್ತು, ಒಡೆದ ಒಂದು ಗಾಜು, ಕರೆದು ಕೇಳಬಹುದಾದ ಸಾಕ್ಷಿಗಳು. ಸಾರ್ವಜನಿಕ ಜಾಗದಲ್ಲಿ ಕುಡಿಯುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿ ತಪ್ಪು. ಗಾಜು ಒಡೆದದ್ದು ಬೇರೆ ತಪ್ಪು. ಅದನ್ನೆಲ್ಲ ವಿಂಗಡಿಸುವುದು ಪೊಲೀಸರ ಕೆಲಸ.

ಅದಕ್ಕೇ ಹೇಳುತ್ತೇನೆ, ಕಲಂ ನಂಬರ್ ಬರೆಸಬೇಡಿ. "420 ಹಾಕ್ರಿ ಅಕ್ಕಾರ, 506 ಹಾಕ್ರಿ" ಅಂತ ಈಗಲೂ ಕೇಳುತ್ತಾರೆ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ನಂಬರ್‌ಗಳೆಲ್ಲ ಬದಲಾಗಿವೆ. ಮೋಸಕ್ಕಿದ್ದ ಹಳೆಯ 420 ಈಗ 318, ಬೆದರಿಕೆಗಿದ್ದ ಹಳೆಯ 506 ಈಗ 351. ನೀವು ತಪ್ಪು ನಂಬರ್ ಬರೆದು ಏನೂ ಸಿಗುವುದಿಲ್ಲ. ನಡೆದದ್ದನ್ನು ಬರೆಯಿರಿ.

ಬೈಗುಳದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಟೈಪ್ ಮಾಡುವವರೆಲ್ಲ "ಅವಾಚ್ಯ ಶಬ್ದಗಳಿಂದ ನಿಂದಿಸಿ" ಅಂತ ಹಾಕಿ ಮುಗಿಸುತ್ತಾರೆ. ಆ ಮಾತು ಪ್ರತಿ ದೂರಿನಲ್ಲೂ ಇರುವುದರಿಂದ ಅದಕ್ಕೆ ತೂಕವೇ ಇಲ್ಲ. ಅಂದದ್ದು ಏನು ಅನ್ನುವುದನ್ನು ಇದ್ದ ಹಾಗೆ ಬರೆಯಬೇಕು. ಜಾತಿ ಹಿಡಿದು ಬೈದಿದ್ದರೆ ಅಂತೂ ಬರೆಯಲೇಬೇಕು, ಯಾಕೆಂದರೆ ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆ ಬರುತ್ತದೋ ಇಲ್ಲವೋ ಎನ್ನುವುದನ್ನು ಆ ಮಾತು ನೋಡಿಯೇ ತೀರ್ಮಾನಿಸುತ್ತಾರೆ. ಹೆಣ್ಣುಮಕ್ಕಳು "ಅದನ್ನ ಬಾಯಿಬಿಟ್ಟು ಹ್ಯಾಂಗ ಹೇಳೂದ್ರಿ" ಅಂತ ಸುಮ್ಮನಾಗುತ್ತಾರೆ. ಅವರ ಕೈಗೆ ಪೆನ್ನು, ಚೀಟಿ ಕೊಡುತ್ತೇನೆ. ಬರೆದು ಕೊಡುತ್ತಾರೆ, ನಾನು ಟೈಪ್ ಮಾಡಿ ಚೀಟಿ ಹರಿದು ಹಾಕುತ್ತೇನೆ. ಅಂಗಡಿಯಲ್ಲಿ ಬೇರೆಯವರು ಇದ್ದರೆ ಅವರು ಹೋಗುವ ತನಕ ಕಾಯುತ್ತೇವೆ.

ನೋಡಿದ್ದು ಬೇರೆ, ಕೇಳಿದ್ದು ಬೇರೆ. "ಕೇಬಲ್ ಕದ್ದವನು ಅವನೇ" ಅಂತ ಬರೆಯುವ ಮೊದಲು ನೀವೇ ನೋಡಿದಿರಾ ಅಂತ ಕೇಳಿಕೊಳ್ಳಿ. ನೋಡಿಲ್ಲ ಅಂದರೆ "ಅವನ ಮೇಲೆ ಸಂಶಯ ಇದೆ, ಕಾರಣ ಇಂಥದ್ದು" ಅಂತ ಬರೆಯಿರಿ. ಹಳೆಯ ಸಿಟ್ಟಿಗೆ ಸುಳ್ಳು ಸೇರಿಸಿದರೆ ಅದೂ ಅಪರಾಧ, ಒಂದು ವರ್ಷದವರೆಗೆ ಜೈಲು ಆಗಬಹುದು. ದೂರು ಕೊಡಲು ತಡ ಆಗಿದ್ದರೆ ಯಾಕೆ ತಡ ಅನ್ನುವುದನ್ನೂ ಒಂದು ಸಾಲಿನಲ್ಲಿ ಹೇಳಿ. ಆಸ್ಪತ್ರೆಯಲ್ಲಿದ್ದೆ, ಮನೆಯಲ್ಲಿ ಹೆದರಿಸಿದ್ದರು, ಹಿರಿಯರು ರಾಜಿ ಮಾಡ್ತೀವಿ ಅಂದಿದ್ದರು, ನಿಜವಾದ ಕಾರಣ ಯಾವುದಿದ್ದರೂ ಸರಿ.

ಕೇಬಲ್ ಕಳುವಾದರೆ ಬೇಕಾಗುವುದು

"ಕೇಬಲ್ ಹೋದ್ರ ತಿರುಗಿ ಸಿಗತೈತೇನ್ರಿ" ಅಂತ ಹೆಚ್ಚಿನ ರೈತರು ಠಾಣೆ ಕಡೆ ಹೋಗುವುದೇ ಇಲ್ಲ. ಅವರ ಮಾತೂ ಸುಳ್ಳಲ್ಲ. ಆದರೆ ಒಂದೇ ಹಳ್ಳದ ಸಾಲಿನಲ್ಲಿ ಏಳೆಂಟು ಹೊಲಗಳಲ್ಲಿ ಕೇಬಲ್ ಹೋಗಿ ಒಬ್ಬರೂ ದೂರು ಕೊಡದಿದ್ದರೆ, ಠಾಣೆಯ ಲೆಕ್ಕದಲ್ಲಿ ಅಲ್ಲಿ ಕಳ್ಳತನವೇ ನಡೆದಿಲ್ಲ. ರಾತ್ರಿ ಗಸ್ತು ಆ ಕಡೆ ಯಾಕೆ ಬರಬೇಕು? ಎಲ್ಲರೂ ಬೇರೆ ಬೇರೆ ದೂರು ಕೊಡಿ.

ಹೊಲದ ಸರ್ವೆ ನಂಬರ್, ಹೆಸ್ಕಾಂ ಆರ್‌ಆರ್ ನಂಬರ್ (ಕರೆಂಟ್ ಕನೆಕ್ಷನ್ ನಂಬರ್), ಕೇಬಲ್ ಎಷ್ಟು ಉದ್ದ, ಯಾವ ಕಂಪನಿ, ಯಾವಾಗ ಕೊಂಡದ್ದು, ಬಿಲ್ ಇದ್ದರೆ ಅದರ ಝೆರಾಕ್ಸ್. ಕೊನೆಯ ಸಲ ಮೋಟರ್ ಹಚ್ಚಿದ್ದು ಯಾವಾಗ, ಕಳುವಾಗಿದ್ದು ಗೊತ್ತಾಗಿದ್ದು ಯಾವಾಗ, ಈ ಎರಡು ಹೊತ್ತು ಮುಖ್ಯ. ಕತ್ತರಿಸಿ ಉಳಿದ ತುದಿಯನ್ನು ಪೊಲೀಸರು ನೋಡುವ ತನಕ ಬಿಚ್ಚಬೇಡಿ. ಕಳ್ಳರಿಗೆ ಬೇಕಾದದ್ದು ಒಳಗಿನ ತಾಮ್ರ. ಮೇಲಿನ ಪ್ಲಾಸ್ಟಿಕ್ ಅನ್ನು ಹತ್ತಿರದಲ್ಲೇ ಸುಟ್ಟು ಹೋಗುವುದುಂಟು. ಹಳ್ಳದ ದಂಡೆ, ಜಾಲಿ ಕಂಟಿ ಮರೆಯಲ್ಲಿ ಕರ್ರಗೆ ಸುಟ್ಟ ಗುರುತು, ಕರಗಿ ಗಟ್ಟಿಯಾದ ಪ್ಲಾಸ್ಟಿಕ್ ಸಿಕ್ಕರೆ ಮುಟ್ಟದೆ ಫೋಟೋ ತೆಗೆದು ಅದನ್ನೂ ದೂರಿನಲ್ಲಿ ಬರೆಯಿರಿ.

ಫೋಟೋ, ವಿಡಿಯೋ ಬಗ್ಗೆ ಇನ್ನೊಂದು ಮಾತು. ಮೂಲ ಫೈಲ್ ಮೊಬೈಲ್‌ನಲ್ಲೇ ಇರಲಿ. ಕತ್ತರಿಸಬೇಡಿ, ಹಾಡು ಹಾಕಬೇಡಿ. ಪೊಲೀಸರಿಗೆ ಕೊಡುವ ಮೊದಲೇ ಊರಿನ ವಾಟ್ಸಾಪ್ ಗ್ರೂಪಿಗೆ ಬಿಟ್ಟರೆ ತಪ್ಪು ಮಾಡಿದವನು ಸಾಕ್ಷಿ ಅಳಿಸಿ ಹಾಕಲು ನೀವೇ ಟೈಮ್ ಕೊಟ್ಟ ಹಾಗೆ. ತಪ್ಪು ಮಾಡಿದ ಹುಡುಗ 18 ವರ್ಷದ ಒಳಗಿದ್ದರೆ ಅವನ ಮುಖ, ಹೆಸರು ಹೊರಗೆ ಹಾಕುವುದನ್ನು ಕಾನೂನೇ ತಡೆಯುತ್ತದೆ.

ಠಾಣೆಯಲ್ಲಿ

ನಿಮ್ಮ ಊರು ಯಾವ ಠಾಣೆಗೆ ಬರುತ್ತದೆ ಅಂತ ಮೊದಲು ತಿಳಿದುಕೊಳ್ಳಿ. ನಮ್ಮ ಒಂದು ತಾಲೂಕಿನಲ್ಲೇ ಬ್ಯಾಡಗಿ ಠಾಣೆ, ಕಾಗಿನೆಲೆ ಠಾಣೆ ಅಂತ ಎರಡಿವೆ. ಹುಬ್ಬಳ್ಳಿ-ಧಾರವಾಡ ಶಹರದ ಠಾಣೆಗಳು ಪೊಲೀಸ್ ಕಮಿಷನರ್ ಕೈಯಲ್ಲಿವೆ, ಕುಂದಗೋಳ, ಕಲಘಟಗಿ, ನವಲಗುಂದದ ಕಡೆಯವು ಧಾರವಾಡ ಎಸ್‌ಪಿ ಕೈಯಲ್ಲಿ. ಮೇಲಿನವರಿಗೆ ಬರೆಯಬೇಕಾದಾಗ ಇದು ಬೇಕಾಗುತ್ತದೆ. ಆದರೆ ಗಂಭೀರವಾದ ಪ್ರಕರಣದಲ್ಲಿ "ಇದು ನಮ್ಮ ಹದ್ದಿಯಲ್ಲ" ಅಂತ ಯಾವ ಠಾಣೆಯೂ ತಿರುಗಿ ಕಳಿಸುವಂತಿಲ್ಲ. ಝೀರೋ ಎಫ್‌ಐಆರ್ ಮಾಡಿ ಅವರೇ ಸರಿಯಾದ ಠಾಣೆಗೆ ಕಳಿಸಬೇಕು. ಬರೆಯಲು ಬಾರದವರು ಬಾಯಿಂದ ಹೇಳಿದರೂ ನಡೆಯುತ್ತದೆ. ಅವರು ಬರೆದುಕೊಂಡು, ಓದಿ ಹೇಳಿ, ಆಮೇಲೆ ಸಹಿ ಹಾಕಿಸಿಕೊಳ್ಳಬೇಕು. ಆನ್‌ಲೈನ್‌ನಲ್ಲಿ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು.

ದೂರಿನ ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಠಾಣೆಯ ಸೀಲು, ತಾರೀಖು, ಸಹಿ ಹಾಕಿಸಿಕೊಂಡು ಬನ್ನಿ. ಇದನ್ನು ಕೇಳಲು ನಮ್ಮ ಜನ ಬಹಳ ನಾಚುತ್ತಾರೆ. "ಸಾಹೇಬ್ರ, ಒಂದು ಸೀಲ್ ಹಾಕಿ ಕೊಡ್ರಿ, ಮನ್ಯಾಗ ತೋರಸಬೇಕು" ಅಂದರೂ ಆಯ್ತು, ಯಾರೂ ಬೈಯುವುದಿಲ್ಲ.

ಆಮೇಲೆ ಎರಡರಲ್ಲಿ ಒಂದು ಆಗುತ್ತದೆ. ಕಳವು, ಮನೆ ಹೊಕ್ಕು ಹೊಡೆದದ್ದು, ಹೆಣ್ಣುಮಕ್ಕಳ ಮೈಮೇಲೆ ಕೈ ಹಾಕಿದ್ದು, ಇಂಥವಕ್ಕೆ ಎಫ್‌ಐಆರ್ ಆಗಬೇಕು. ಅದರ ಪ್ರತಿ ನಿಮಗೆ ಪುಕ್ಕಟೆ ಕೊಡಬೇಕು. ಕಳ್ಳತನದಂಥ ಕೆಲವು ಕೇಸುಗಳಲ್ಲಿ ಡಿವೈಎಸ್‌ಪಿ ಅನುಮತಿ ತೆಗೆದುಕೊಂಡು 14 ದಿನದೊಳಗೆ ಮೊದಲ ವಿಚಾರಣೆ ಮಾಡಿ ನೋಡಲು ಹೊಸ ಕಾನೂನಿನಲ್ಲಿ ಅವಕಾಶ ಇದೆ. ಬರೀ ಬೈದಾಟ, ಸಣ್ಣ ಏಟು ಆದರೆ ಎನ್‌ಸಿ (ನಾನ್ ಕಾಗ್ನಿಜಬಲ್) ಅಂತ ಬರೆದುಕೊಳ್ಳುತ್ತಾರೆ. ಅದರಲ್ಲಿ ಮ್ಯಾಜಿಸ್ಟ್ರೇಟ್ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. "ಎನ್‌ಸಿ ಮಾಡಿ ಕೈ ತೊಳಕೊಂಡ್ರು" ಅಂತ ಸಿಟ್ಟಾಗಬೇಡಿ, ಆ ನಂಬರ್ ಜೋಪಾನ ಮಾಡಿ. ಒಬ್ಬನ ಮೇಲೆ ಮೇಲಿಂದ ಮೇಲೆ ಇಂಥ ದೂರು ಬಂದರೆ ಪೊಲೀಸರು ತಹಶೀಲ್ದಾರರ ಮುಂದೆ ವರದಿ ಇಟ್ಟು, ಇನ್ನು ಗಲಾಟೆ ಮಾಡುವುದಿಲ್ಲ ಅಂತ ಅವನಿಂದ ಮುಚ್ಚಳಿಕೆ ಬರೆಸಲು ಬರುತ್ತದೆ. ಹಿಂದೆ 107ನೇ ಕಲಂ ಅಂತಿದ್ದರಲ್ಲ, ಈಗ ಅದು 126ನೇ ಕಲಂ. ಊರಿನ ಸಣ್ಣ ಪುಂಡಾಟಕ್ಕೆ ಕೋರ್ಟ್ ಕೇಸಿಗಿಂತ ಈ ಮುಚ್ಚಳಿಕೆಯೇ ಜಾಸ್ತಿ ಕೆಲಸ ಮಾಡುತ್ತದೆ ಅನ್ನುವುದು ನನ್ನ ಅನಿಸಿಕೆ.

ಸಾಕ್ಷಿ ಹೇಳುವ ಹೆಂಗಸರನ್ನು, 60 ದಾಟಿದ ಗಂಡಸರನ್ನು, 15ರ ಒಳಗಿನ ಹುಡುಗರನ್ನು ಹೇಳಿಕೆಗಾಗಿ ಠಾಣೆಗೆ ಬನ್ನಿ ಅಂತ ಒತ್ತಾಯ ಮಾಡುವಂತಿಲ್ಲ. ಅವರ ಮನೆಗೇ ಬಂದು ಕೇಳಬೇಕು.

ಹೆಸರು ಹೊರಗೆ ಬಂದರೆ?

ಶಹರದವರಿಗೆ ಈ ಭಯ ಗೊತ್ತಾಗುವುದಿಲ್ಲ. ಯಾರ ಮೇಲೆ ದೂರು ಕೊಡುತ್ತೀರೋ ಅವನ ಟ್ರ್ಯಾಕ್ಟರ್ ನಾಳೆ ನಿಮ್ಮ ಹೊಲಕ್ಕೆ ಬರಬೇಕು, ಅವನ ಅತ್ತಿಗೆ ನಿಮ್ಮ ಓಣಿಯ ಹೆಣ್ಣುಮಗಳು. ಹಾಗಾಗಿ ಇದನ್ನು ತಿಳಿದುಕೊಳ್ಳಿ: ಓಸಿ ಮಟ್ಕಾ, ಇಸ್ಪೀಟು ಜೂಜು, ಕದ್ದು ದಾರು ಮಾರುವುದು, ಇಂಥವಕ್ಕೆ ನಿಮ್ಮ ದೂರೇ ಬೇಡ, ಮಾಹಿತಿ ಸಾಕು. ಪೊಲೀಸರು ದಾಳಿ ಮಾಡಿ ಸರಕಾರಿ ತರ್ಫೆ ಅವರೇ ಫಿರ್ಯಾದಿ ಆಗುತ್ತಾರೆ. ಕಾಗದದಲ್ಲಿ "ಖಚಿತ ಮಾಹಿತಿ ಮೇರೆಗೆ" ಅಂತ ಇರುತ್ತದೆಯೇ ಹೊರತು ನಿಮ್ಮ ಹೆಸರು ಇರುವುದಿಲ್ಲ. ಮಾಹಿತಿ ಎಲ್ಲಿಂದ ಬಂತು ಹೇಳು ಅಂತ ಪೊಲೀಸರನ್ನು ಕೋರ್ಟ್ ಕೂಡ ಒತ್ತಾಯಿಸುವಂತಿಲ್ಲ. ಯಾವ ಅಂಗಡಿ, ಯಾವ ಹೊತ್ತು, ಚೀಟಿ ಬರೆಯುವವನು ಎಲ್ಲಿ ಕೂರುತ್ತಾನೆ, ಇಷ್ಟು ಹೇಳಿ. ಊರಿನ ಠಾಣೆಯಿಂದಲೇ ಸುದ್ದಿ ಸೋರೀತು ಅನ್ನುವ ಅನುಮಾನ ಇದ್ದರೆ ಡಿವೈಎಸ್‌ಪಿ ಅಥವಾ ಎಸ್‌ಪಿ ಕಚೇರಿಗೆ ನೇರ ಹೇಳಿ.

ಕಳವು, ಹೊಡೆದಾಟಕ್ಕೆ ಮಾತ್ರ ಹೆಸರು ಬೇಕೇ ಬೇಕು. ಅನುಭವಿಸಿದವರು ಯಾರು ಅಂತ ಗೊತ್ತಾಗದೆ ಕೇಸು ನಡೆಯುವುದಿಲ್ಲ. ಸಾಲಿಯ ಪ್ರಕರಣದಂಥವಕ್ಕೆ ಒಬ್ಬರ ಬದಲು ಎಸ್‌ಡಿಎಂಸಿ ಹೆಸರಲ್ಲಿ ಕೊಡಿ, ಸಂಘದವರೆಲ್ಲ ಸಹಿ ಮಾಡಿ. ಸ್ತ್ರೀಶಕ್ತಿ ಸಂಘದವರು ಹತ್ತು ಜನ ಒಟ್ಟಿಗೆ ಠಾಣೆಗೆ ಹೋದರೆ ಕುರ್ಚಿಯೂ ಸಿಗುತ್ತದೆ, ಉತ್ತರವೂ ಸಿಗುತ್ತದೆ. ನಿಮ್ಮ ಊರಿನ ಬೀಟ್ ಪೊಲೀಸರ ಹೆಸರು, ನಂಬರ್ ಠಾಣೆಯಲ್ಲಿ ಕೇಳಿ ಇಟ್ಟುಕೊಳ್ಳಿ. ಗಲಾಟೆ ಇಲ್ಲದ ದಿನವೇ ಅವರನ್ನು ಕರೆದು ಒಂದು ಚಹಾ ಕುಡಿಸಿ ಸಾಲಿ ಹಿಂದಿನ ಗೋಡೆ ತೋರಿಸಿ.

ಹಿರಿಯರ ರಾಜಿ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಹುಡುಗರು ಬೈಕ್ ಸೈಲೆನ್ಸರ್ ಕಿತ್ತು ಓಣಿಯಲ್ಲಿ ಓಡಾಡಿದರೆ, ಕಟ್ಟೆ ಮೇಲೆ ಕೂತು ಕೂಗಾಡಿದರೆ ಮೊದಲು ಅವರ ಅಪ್ಪ, ಅವ್ವನಿಗೆ ಹೇಳಿ, ಗುಡಿ ಕಟ್ಟೆ ಮೇಲೆ ಕರೆಸಿ. ಎಷ್ಟೋ ಅಲ್ಲೇ ಮುಗಿಯುತ್ತವೆ. ಆದರೆ ಸಾಲಿಗೆ ಹೋಗುವ ಹುಡುಗಿಯರ ಹಿಂದೆ ಬೀಳುವುದು, ಮೈ ಮುಟ್ಟುವುದು ಕಟ್ಟೆ ಮೇಲೆ ಮುಗಿಸುವ ವಿಷಯ ಅಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ಗೊತ್ತಿದ್ದೂ ತಿಳಿಸದೆ ಇದ್ದರೆ ಪೋಕ್ಸೊ ಕಾಯ್ದೆ ಪ್ರಕಾರ ಅದೇ ಅಪರಾಧ, ರಾಜಿ ಮಾಡಿಸಿದ ಹಿರಿಯರೂ ಸಿಕ್ಕಿಬೀಳುತ್ತಾರೆ. ಮಕ್ಕಳ ಸಹಾಯವಾಣಿ 1098, ಹೆಣ್ಣುಮಕ್ಕಳಿಗೆ 181.

ದೂರು ತೆಗೆದುಕೊಳ್ಳದಿದ್ದರೆ

ಠಾಣೆಯ ಬಾಗಿಲಲ್ಲಿ ಜಗಳ ಬೇಡ. ಅದೇ ದೂರನ್ನು ಎಸ್‌ಪಿ ಹೆಸರಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. "ಇಂಥ ತಾರೀಖು ಇಷ್ಟು ಗಂಟೆಗೆ ಠಾಣೆಗೆ ಹೋಗಿದ್ದೆ, ತೆಗೆದುಕೊಳ್ಳಲಿಲ್ಲ" ಅಂತ ಮೇಲೆ ಒಂದು ಸಾಲು ಸೇರಿಸಿದರೆ ಸಾಕು. ಹೀಗೆ ಬರೆಯುವ ಹಕ್ಕು ಕಾನೂನಿನಲ್ಲೇ ಇದೆ, ಯಾರ ಮೇಲೂ ಚಾಡಿ ಹೇಳಿದ ಹಾಗಲ್ಲ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ. ಅದಕ್ಕೆ ವಕೀಲರು ಬೇಕು, ನನ್ನಂಥವರ ಟೈಪಿಂಗ್ ಸಾಲದು.

ಕೇಸಾದ ಮೇಲೆ ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ಪೊಲೀಸರು ನಿಮಗೆ ತಿಳಿಸಬೇಕು. ಸಾಕ್ಷಿ ಸಾಲದೆ ಕೇಸು ಮುಚ್ಚುವ ಬಿ ರಿಪೋರ್ಟ್ ಹಾಕಿದರೆ ನಿಮಗೆ ನೋಟಿಸ್ ಬರುತ್ತದೆ, ಆ ತಾರೀಖಿಗೆ ಹೋಗಿ ತಕರಾರು ಹಾಕಬಹುದು. ಎಷ್ಟೋ ಜನರಿಗೆ ಆ ನೋಟಿಸ್ ಮುಟ್ಟುವುದೇ ಇಲ್ಲ, ಯಾಕೆಂದರೆ ದೂರಿನಲ್ಲಿ ಮಗನ ಹಳೆಯ ಸಿಮ್ಮಿನ ನಂಬರ್ ಕೊಟ್ಟಿರುತ್ತಾರೆ. ಮನೆ ನಂಬರ್, ಓಣಿ, ಅಂಚೆ, ಪಿನ್ ಕೋಡ್, ಈಗ ಚಾಲೂ ಇರುವ ಮೊಬೈಲ್ ನಂಬರ್ ಎಲ್ಲ ಬರೆಸಿ, ಸಹಿ ಮಾಡುವ ಮೊದಲು ಒಮ್ಮೆ ಓದಿಸಿಕೊಳ್ಳಿ.